ಎತ್ತಿ ತರಲಾಗದ ಮರಕ್ಕೆ ನೆಟ್ಟಗಿನ ತೂತು: ಯಾವ ಕೆಲಸಕ್ಕೆ ಯಾವ ದಾರಿ?

ನಮ್ಮ ಪಡಸಾಲೆಗೊಂದು ತೂಗುಮಣೆ ಮಾಡಬೇಕೆಂದು ಹಳೆಯ ಹಲಸಿನ ಹಲಗೆಯೊಂದನ್ನು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದೆ. 5 ಅಡಿ ಉದ್ದ, ಹತ್ತಿರ ಹತ್ತಿರ 2 ಅಡಿ ಅಗಲ, 2 ಇಂಚು ದಪ್ಪ. ಕೀಸಿ, ಉಜ್ಜಿ, ಎಣ್ಣೆ ಕುಡಿಸಿದ ಮೇಲೆ ಉಳಿದದ್ದು ನಾಲ್ಕು ಮೂಲೆಗೆ ನಾಲ್ಕು ತೂತು. ಸರಪಳಿಯ ಬಳೆ ಬೋಲ್ಟು ಕೂರಲು 12 ಮಿ.ಮೀ. ತೂತು ಸಾಕು. ಡ್ರಿಲ್ಲನ್ನು ಕೈಯಲ್ಲಿ ಹಿಡಿದು ಮೊದಲನೆಯದನ್ನು ಕೊರೆದೆ. ಮೇಲಿಂದ ನೋಡಿದರೆ ಗುರುತಿನ ಮೇಲೇ ಇತ್ತು. ಹಲಗೆ ಮಗುಚಿ ನೋಡಿದರೆ ಕೆಳಗಡೆ 3 ಮಿ.ಮೀ. ಆಚೆ ಹೊರಬಂದಿತ್ತು, ಸುತ್ತಲೂ ಸಿಬಿರು ಎದ್ದಿತ್ತು. ಬೋಲ್ಟು ಹಾಕಿದರೆ ವಾಷರ್ ಒಂದು ಅಂಚಿನ ಮೇಲಷ್ಟೇ ಕೂರುತ್ತಿತ್ತು. ಮನುಷ್ಯರು ಕೂತು ತೂಗುವ ಮಣೆಯಲ್ಲಿ ಹಾಗೆ ಒಂದೇ ಅಂಚಿಗೆ ಭಾರ ಬೀಳುವುದನ್ನು ಒಪ್ಪಲು ನನಗೆ ಆಗಲಿಲ್ಲ. ಆ ತೂತಿಗೆ ಹಲಸಿನದೇ ಗೂಟ ಬಡಿದು ಅಂಟು ಹಾಕಿ ಮುಚ್ಚಿದೆ, ಮತ್ತೆ ಮೊದಲಿಂದ ಯೋಚಿಸಿದೆ.

ಚಿಕ್ಕ ಮರಕ್ಕೆ ಇದು ಪ್ರಶ್ನೆಯೇ ಅಲ್ಲ. ಬಿಟ್ಟನ್ನು ನೇರ ಕೆಳಗಿಳಿಸುವ ನಿಲುವು ಯಂತ್ರ, ಡ್ರಿಲ್ ಪ್ರೆಸ್, ಅದರ ಮೇಜಿನ ಮೇಲಿಟ್ಟು ಹಿಡಿ ಎಳೆದರೆ ಮುಗಿಯಿತು. ಆದರೆ ತೂಗುಮಣೆ, ಊಟದ ಮೇಜಿನ ಹಲಗೆ, ಮಂಚದ ಆರೂವರೆ ಅಡಿಯ ಪಕ್ಕದ ಪಟ್ಟಿ, ಬಾಗಿಲಿನ ದಾರಂದ, ತೊಲೆ, ಇವು ಯಂತ್ರದ ಹತ್ತಿರ ಹೋಗುವುದಿಲ್ಲ. ಯಂತ್ರವೇ ಇವುಗಳ ಹತ್ತಿರ ಬರಬೇಕು. ಹಾಗೆ ಬರಲು ಇರುವ ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇನೆ.

ಮೊದಲು ತಪ್ಪು ಯಾವುದೆಂದು ಹಿಡಿಯಿರಿ

"ತೂತು ಸೊಟ್ಟ ಆಯಿತು" ಎನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತಪ್ಪುಗಳು ಇರುತ್ತವೆ. ತೂತು ಶುರುವಾದ ಜಾಗವೇ ತಪ್ಪಿರಬಹುದು. ಜಾಗ ಸರಿಯಿದ್ದು ಓರೆಯಾಗಿ ಇಳಿದಿರಬಹುದು. ಎರಡೂ ಸರಿಯಿದ್ದು ಹಿಂಬದಿ ಕಿತ್ತುಹೋಗಿರಬಹುದು. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಜಾಗ ತಪ್ಪುತ್ತಿರುವವರು ಡ್ರಿಲ್ಲನ್ನು ನೆಟ್ಟಗೆ ಹಿಡಿಯುವ ಸಾವಿರಾರು ರೂಪಾಯಿಯ ಡ್ರಿಲ್ ಗೈಡ್ ತಂದರೂ ಜಾಗ ತಪ್ಪುತ್ತಲೇ ಇರುತ್ತದೆ.

ಜಾಗ ತಪ್ಪುವುದಕ್ಕೆ ಹೆಚ್ಚಿನ ಸಲ ಡ್ರಿಲ್ಲಿಗೆ ಹಾಕುವ ಕೊರೆಯುವ ಕಡ್ಡಿ, ಎಂದರೆ ಬಿಟ್, ಅದೇ ಕಾರಣ. ಕಬ್ಬಿಣಕ್ಕೆಂದು ಮಾಡಿದ ಮಾಮೂಲಿ ಟ್ವಿಸ್ಟ್ ಬಿಟ್ಟಿನ ತುದಿ ಅಗಲವಾದ ಕೋನದ್ದು. ತೇಗದಂಥ ಮರದಲ್ಲಿ ವರ್ಷದ ಉಂಗುರ ಸ್ಪಷ್ಟ, ಒಂದು ಪದರ ಗಟ್ಟಿ, ಪಕ್ಕದ್ದು ಮೆದು. ಆ ತುದಿ ಗಟ್ಟಿ ಪದರದಿಂದ ಜಾರಿ ಮೆದು ಪದರಕ್ಕೆ ಬೀಳುತ್ತದೆ, ನಿಮ್ಮ ಕೈ ಎಷ್ಟು ಗಟ್ಟಿಯಿದ್ದರೂ. ನಡುವೆ ಮುಳ್ಳಿರುವ ಬ್ರಾಡ್ ಪಾಯಿಂಟ್ ಬಿಟ್ ಹಾಕಿ, ಗುರುತಿನ ಮೇಲೆ ಮೊಳೆಯಿಂದಲೋ ದಬ್ಬಳದಿಂದಲೋ ಒಂದು ಕುಳಿ ಮಾಡಿಕೊಂಡರೆ ಜಾಗದ ತಕರಾರು ಬಹುಪಾಲು ಮುಗಿಯುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ. ತೇಗದಲ್ಲಿ ಮರಳಿನ ಅಂಶ ಇರುವುದರಿಂದ ಬಿಟ್ಟು ಬೇಗ ಮೊಂಡಾಗುತ್ತದೆ. ಮೊಂಡಾದದ್ದು ಕೊರೆಯುವ ಬದಲು ಉಜ್ಜುತ್ತದೆ, ನೀವು ಹೆಚ್ಚು ಒತ್ತುತ್ತೀರಿ, ಒತ್ತಿದಷ್ಟೂ ಕೈ ವಾಲುತ್ತದೆ.

ಓರೆಯ ಲೆಕ್ಕ ಇನ್ನೊಂದು ಬಗೆಯದು. 1 ಡಿಗ್ರಿ ವಾಲಿದರೆ 50 ಮಿ.ಮೀ. ದಪ್ಪದಲ್ಲಿ ತೂತು ಆಚೆ ಬದಿಗೆ 0.9 ಮಿ.ಮೀ. ತಪ್ಪಿ ಹೊರಬರುತ್ತದೆ, 100 ಮಿ.ಮೀ. ದಪ್ಪದಲ್ಲಿ 1.75 ಮಿ.ಮೀ. 3 ಡಿಗ್ರಿ ವಾಲಿದರೆ ಅದೇ 100 ಮಿ.ಮೀ.ಗೆ 5 ಮಿ.ಮೀ. ದಾಟುತ್ತದೆ. ಕೊರೆಯುವವರಿಗೆ 3 ಡಿಗ್ರಿಯ ವಾಲು ಕಣ್ಣಿಗೆ ಕಾಣಿಸುವುದೇ ಇಲ್ಲ. ಹಾಗಾಗಿ ಮುಕ್ಕಾಲಿಂಚಿನ ಹಲಗೆಗೆ ಸ್ಕ್ರೂ ತೂತು ಕೊರೆಯುವಾಗ ಓರೆಯ ಚಿಂತೆಯೇ ಬೇಡ, 4 ಇಂಚಿನ ಕಂಬಕ್ಕೆ ಬೋಲ್ಟು ಹಾಕುವಾಗ ಅದೊಂದೇ ಚಿಂತೆ. ದಪ್ಪ ಹೆಚ್ಚಿದಂತೆ ಸಲಕರಣೆಯ ಮಾತು ಬರುತ್ತದೆ.

ಬರಿಗೈ, ಆದರೆ ಕಣ್ಣಿಗೊಂದು ಆಸರೆ

ಕೈಯಲ್ಲಿ ಹಿಡಿದು ಕೊರೆಯುವುದು ಕೀಳು ದಾರಿಯೇನಲ್ಲ. ನಮ್ಮೂರ ಕಡೆಯ ಹಿರಿಯ ಆಚಾರ್ರೊಬ್ಬರಿಗೆ ಮಣೆಯ ಕಥೆ ಹೇಳಿದಾಗ ಅವರು ಡ್ರಿಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ.

"ಹಲಗೆ ಮಟ್ಟವಾಗಿ ಕೂತಿತ್ತಾ ತಮ್ಮಾ?"

"ನೋಡ್ಲಿಲ್ಲ ಆಚಾರ್ರೆ."

"ಮತ್ತೆ ಕೈ ಏನು ಮಾಡ್ತದೆ? ಕೈಗೆ ನೆಲ, ಗೋಡೆ ಗೊತ್ತು. ಹಲಗೆ ಯಾವ ಕಡೆ ವಾಲಿದೆ ಅಂತ ಅದಕ್ಕೆ ಹ್ಯಾಗೆ ಗೊತ್ತಾಗ್ಬೇಕು?"

ನಿಜವೇ. ನಮ್ಮ ಮೈ ನೆಟ್ಟಗಿನದನ್ನು ನೆಲಕ್ಕೂ ಗೋಡೆಗೂ ಹೋಲಿಸಿ ಅಳೆಯುತ್ತದೆ. ಮಣೆಯನ್ನು ಎರಡು ಸ್ಟೂಲಿನ ಮೇಲಿಟ್ಟಿದ್ದೆ, ಒಂದು ಅರ್ಧ ಇಂಚು ಗಿಡ್ಡ. ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಹಲಗೆ ಸರಿಮಾಡಿ, ಸಿ ಕ್ಲ್ಯಾಂಪಿನಿಂದ ಬಿಗಿದ ಮೇಲೆಯೇ ಡ್ರಿಲ್ ಮುಟ್ಟಬೇಕು. ಡ್ರಿಲ್ಲಿನ ಬೆನ್ನಿನ ಮೇಲಿರುವ ಪುಟ್ಟ ಗುಳ್ಳೆಯ ಮಟ್ಟವೂ ಹಲಗೆ ಮಟ್ಟವಾಗಿದ್ದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇನ್ನು ಆಸರೆಗಳು. ಬಿಟ್ಟಿನ ಪಕ್ಕ ಮೂಲೆಮಟ್ಟ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಆದರೆ ಒಂದು ಮೂಲೆಮಟ್ಟ ಒಂದೇ ದಿಕ್ಕಿನ ವಾಲನ್ನು ತೋರಿಸುತ್ತದೆ, ಎದುರಿಗೊಂದು, ಪಕ್ಕಕ್ಕೊಂದು ಎಂದು ಎರಡು ಬೇಕು. ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಹಳೆಯ ಸಿ.ಡಿ. ಅದರ ನಡುವಿನ ತೂತು 15 ಮಿ.ಮೀ. ಅದನ್ನು ಹೊಳೆಯುವ ಬದಿ ಮೇಲಾಗಿ ಗುರುತಿನ ಸುತ್ತ ಅಂಟುಪಟ್ಟಿಯಿಂದ ಅಂಟಿಸಿ, ತೂತಿನೊಳಗೆ ಬಿಟ್ ಇಳಿಸಿ. ಬಿಟ್ಟಿನ ಪ್ರತಿಬಿಂಬ ಸಿ.ಡಿ.ಯಲ್ಲಿ ಕನ್ನಡಿಯಂತೆ ಕಾಣುತ್ತದೆ. ಬಿಟ್ಟೂ ಪ್ರತಿಬಿಂಬವೂ ಒಂದೇ ಗೆರೆಯಲ್ಲಿ ನಿಂತರೆ ಆ ನೋಟದ ಅಡ್ಡಕ್ಕೆ ನೀವು ನೆಟ್ಟಗಿದ್ದೀರಿ. ಕಾಲು ಸುತ್ತು ಪಕ್ಕಕ್ಕೆ ಸರಿದು ಇನ್ನೊಮ್ಮೆ ನೋಡಿದರೆ ಇನ್ನೊಂದು ದಿಕ್ಕೂ ತಿಳಿಯುತ್ತದೆ. ಗೆರೆ ಮುರಿದಂತೆ ಕಂಡರೆ ವಾಲಿದೆ ಎಂದೇ ಅರ್ಥ. ಹಲಗೆ ಮಟ್ಟವಾಗಿಲ್ಲದಿದ್ದರೂ ಈ ಉಪಾಯ ನಡೆಯುತ್ತದೆ, ಏಕೆಂದರೆ ಕನ್ನಡಿ ಹಲಗೆಯ ಮೈಗೇ ಅಂಟಿರುತ್ತದೆ. ಕಂಬಕ್ಕೆ ಅಡ್ಡಲಾಗಿ ಕೊರೆಯುವಾಗ ಬಿಟ್ಟಿನ ನುಣುಪಾದ ಭಾಗಕ್ಕೆ ಸಡಿಲವಾದ ವಾಷರ್ ಒಂದನ್ನು ತೊಡಿಸಿ. ಅದು ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ ಕಡೆ ಸರಿದರೆ ಡ್ರಿಲ್ಲಿನ ಹಿಂಭಾಗ ಇಳಿದಿದೆ, ಮರದ ಕಡೆ ಸರಿದರೆ ಎತ್ತಿದೆ.

2 ಇಂಚಿನವರೆಗೆ, ಬೋಲ್ಟಿಗೆ ಅರ್ಧ ಮಿಲಿಮೀಟರ್ ಸಡಿಲ ಇರಬಹುದಾದ ಕೆಲಸಕ್ಕೆ ಇಷ್ಟು ಸಾಕು. ಖರ್ಚು ಏನೂ ಇಲ್ಲ.

ಕೈಬೈರಿಗೆಯನ್ನು ಮರೆಯಬೇಡಿ

ಬಾಗಿದ ಹಿಡಿಯನ್ನು ಸುತ್ತಿಸುವ ಕೈಬೈರಿಗೆ, ಅಂಗಡಿಯಲ್ಲಿ ಬ್ರೇಸ್ ಎಂದು ಕೇಳಬೇಕು, ಮತ್ತು ಅದಕ್ಕೆ ಹಾಕುವ ಆಗರ್ ಬಿಟ್. ಇವತ್ತು ಇದನ್ನು ಕೊಳ್ಳುವವರು ಕಡಿಮೆ. ಆದರೆ ದಾರಂದಕ್ಕೂ ತೊಲೆಗೂ ಆಳವಾದ ತೂತು ಬೇಕಾದಾಗ ನಾನು ಮೊದಲು ಕೈ ಹಾಕುವುದು ಇದಕ್ಕೇ. ಆಗರ್‌ನ ತುದಿಯಲ್ಲಿ ಪುಟ್ಟ ಸ್ಕ್ರೂ ಇದೆ, ಅದು ಮರದೊಳಗೆ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ನೀವು ಒತ್ತಬೇಕಾಗಿಲ್ಲ, ಸುತ್ತಿದರೆ ಸಾಕು. ಒತ್ತಡ ಇಲ್ಲದ ಕಡೆ ವಾಲುವುದೂ ಕಡಿಮೆ. ಕೆಲಸ ನಿಧಾನವಾದ್ದರಿಂದ ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ ಎರಡು ಕಡೆಯಿಂದ ನೋಡಿ ತಿದ್ದಿಕೊಳ್ಳಲು ಪುರಸತ್ತು ಸಿಗುತ್ತದೆ. ಕರೆಂಟಿನ ಡ್ರಿಲ್ಲಿನಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ತೂತು ಮುಗಿದಿರುತ್ತದೆ. ಉದ್ದವಾದ ಆಗರ್‌ನ ಇನ್ನೊಂದು ಗುಣ, ಮೊದಲ ಒಂದಿಂಚು ನೆಟ್ಟಗಾದರೆ ಮುಂದಿನದಕ್ಕೆ ಆ ತೂತೇ ಕೊಳವೆಯಾಗಿ ದಾರಿ ತೋರಿಸುತ್ತದೆ.

ಕೊರತೆಯೂ ಇದೆ. ಹಲಗೆಯ ತುದಿ ಮುಖದಲ್ಲಿ, ಎಂದರೆ ಎಳೆಯ ಗುಂಟ ಕೊರೆಯುವಾಗ, ತುದಿಯ ಸ್ಕ್ರೂ ಹಿಡಿಯುವುದಿಲ್ಲ, ಮರ ಹಿಟ್ಟಾಗಿ ಜಾರುತ್ತದೆ. ಹೊನ್ನೆ, ಮತ್ತಿಯಂಥ ಮರಕ್ಕೆ ತೋಳಿನ ಶಕ್ತಿ ಬೇಕು. ತೆಳುವಾದ ಹಲಗೆಯ ಅಂಚಿನ ಹತ್ತಿರ ಆ ಸ್ಕ್ರೂ ಬೆಣೆಯಂತೆ ಕೆಲಸ ಮಾಡಿ ಸೀಳು ಬಿಡಿಸಬಹುದು. ಆಗರನ್ನು ವೇಗದ ಕರೆಂಟ್ ಡ್ರಿಲ್ಲಿಗೆ ಹಾಕುವವರಿದ್ದಾರೆ. ಸ್ಕ್ರೂ ತುದಿ ಒಮ್ಮೆಗೇ ಎಳೆದುಕೊಂಡಾಗ ಡ್ರಿಲ್ಲೇ ತಿರುಗಿ ಮಣಿಕಟ್ಟು ಉಳುಕುತ್ತದೆ. ಹಾಕಲೇಬೇಕಿದ್ದರೆ ಕಡಿಮೆ ಗೇರಿನಲ್ಲಿ, ಪಕ್ಕದ ಹಿಡಿ ಜೋಡಿಸಿಕೊಂಡು ಮಾತ್ರ.

ಮರದ ಗೈಡ್ ತುಂಡು: ನನ್ನ ಮೊದಲ ಆಯ್ಕೆ

ಗಟ್ಟಿ ಮರದ ಒಂದು ತುಂಡು ತಗೊಂಡು, ಅದಕ್ಕೆ ಡ್ರಿಲ್ ಪ್ರೆಸ್ಸಿನಲ್ಲಿ ನೆಟ್ಟಗೆ ತೂತು ಕೊರೆಸಿ. ಆ ತುಂಡನ್ನು ದೊಡ್ಡ ಹಲಗೆಯ ಗುರುತಿನ ಮೇಲೆ ಕ್ಲ್ಯಾಂಪ್ ಮಾಡಿ, ತುಂಡಿನ ತೂತಿನ ಮೂಲಕ ಬಿಟ್ ಇಳಿಸಿ. ಯಂತ್ರದ ನೆಟ್ಟಗಿನ ಗುಣವನ್ನು ತುಂಡು ಹೊತ್ತು ತಂದಿರುತ್ತದೆ. ನಿಮ್ಮಲ್ಲಿ ಪ್ರೆಸ್ ಇಲ್ಲದಿದ್ದರೆ ಹತ್ತಿರದ ಲೇತ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಅದೇ ಅಂಗಡಿಯಲ್ಲಿ ಒಳಗೆ ಕೂರಿಸಲು ಒಂದು ಉಕ್ಕಿನ ಬುಷ್, ಎಂದರೆ ಬಿಟ್ ತೂರುವ ಗಿಡ್ಡ ಕೊಳವೆ, ಕಡೆಸಿಕೊಂಡರೆ ತುಂಡು ವರ್ಷಗಟ್ಟಲೆ ಬಾಳುತ್ತದೆ. ಬುಷ್ ಇಲ್ಲದ ಬರಿ ಮರದ ತೂತು ಬಿಟ್ಟಿನ ಉಜ್ಜಾಟಕ್ಕೆ ಬೇಗ ಅಗಲವಾಗುತ್ತದೆ.

ಅಂಗಡಿಯಲ್ಲಿ ಸಿಗುವ ಹಲವು ಗೈಡುಗಳಿಗಿಂತ ಇದನ್ನು ಮೇಲೆ ಇಡಲು ನನಗೆ ಕಾರಣಗಳಿವೆ. ಇದರಲ್ಲಿ ಅಲುಗುವ ಭಾಗವೇ ಇಲ್ಲ. ಬುಡದ ಅಗಲ ನಿಮಗೆ ಬೇಕಾದಷ್ಟು ಮಾಡಿಕೊಳ್ಳಬಹುದು. ಒಂದು ಪಕ್ಕಕ್ಕೆ ರೀಪಿನ ತುಂಡು ಹೊಡೆದರೆ ಅದು ಹಲಗೆಯ ಅಂಚಿಗೆ ತಾಗಿ ನಿಲ್ಲುತ್ತದೆ, ನಾಲ್ಕು ಮೂಲೆಯ ತೂತುಗಳೂ ಅಂಚಿನಿಂದ ಒಂದೇ ದೂರಕ್ಕೆ ಬರುತ್ತವೆ. ಎಂದರೆ ಜಾಗ, ಓರೆ ಎರಡನ್ನೂ ಇದೊಂದೇ ನೋಡಿಕೊಳ್ಳುತ್ತದೆ.

ತೊಡಕು ಬಿಟ್ಟಿನ ಉದ್ದದ್ದು. ಮಾಮೂಲಿ 8 ಮಿ.ಮೀ. ಟ್ವಿಸ್ಟ್ ಬಿಟ್ಟಿನ ಒಟ್ಟು ಉದ್ದ 117 ಮಿ.ಮೀ. ಚಕ್ ಒಳಗೆ 25-30 ಹೋದರೆ ಹೊರಗೆ ಉಳಿಯುವುದು 90ರ ಆಸುಪಾಸು. ಗೈಡ್ ತುಂಡು 40 ಮಿ.ಮೀ. ಎತ್ತರ ಇದ್ದರೆ ಮರದೊಳಗೆ ಇಳಿಯುವುದು 50ರ ಒಳಗೆ. 2 ಇಂಚಿನ ಹಲಗೆಯನ್ನೂ ಅದು ಪೂರ್ತಿ ದಾಟುವುದಿಲ್ಲ. ಗೈಡನ್ನು ಗಿಡ್ಡ ಮಾಡಿಬಿಡೋಣ ಎನಿಸುತ್ತದೆ. ಹಾಗೆ ಮಾಡಬೇಡಿ, ಬಿಟ್ಟಿನ ದಪ್ಪದ ನಾಲ್ಕೈದು ಪಟ್ಟು ಎತ್ತರ ಇಲ್ಲದಿದ್ದರೆ ಗೈಡ್ ಹಿಡಿತ ಕೊಡುವುದಿಲ್ಲ. ಬದಲಿಗೆ, ಗೈಡ್ ಇಟ್ಟುಕೊಂಡು ಹೋಗುವಷ್ಟು ಆಳ ಹೋಗಿ, ನಂತರ ಗೈಡ್ ತೆಗೆದು ಅದೇ ತೂತಿನಲ್ಲಿ ಮುಂದುವರಿಸಿ. ಅಷ್ಟರಲ್ಲಿ ತೂತೇ ಗೈಡ್ ಆಗಿರುತ್ತದೆ. ಅಥವಾ ಲಾಂಗ್ ಸೀರೀಸ್ ಬಿಟ್ ಕೇಳಿ ತನ್ನಿ, 8 ಮಿ.ಮೀ.ಗೆ ಅದರ ಉದ್ದ 165 ಮಿ.ಮೀ. ಬಿಟ್ ತುಂಬ ಉದ್ದವಾದರೆ ಬಾಗುತ್ತದೆ, ಗೈಡ್ ಇಲ್ಲದೆ ಅದನ್ನು ಬಳಸಲೇಬಾರದು. ಅರ್ಧ ಇಂಚು ಇಳಿದಾಗಲೆಲ್ಲ ಮೇಲೆತ್ತಿ ತುರಿ ಕೊಡವಿ. ತೂತಿನಲ್ಲಿ ತುರಿ ಕಟ್ಟಿಕೊಂಡರೆ ಬಿಟ್ ಬಿಸಿಯಾಗಿ ಮರ ಕಪ್ಪಾಗುತ್ತದೆ, ಬಿಟ್ ಪಕ್ಕಕ್ಕೂ ತಳ್ಳಲ್ಪಡುತ್ತದೆ.

ಡ್ರಿಲ್ ಗೈಡ್, ಡ್ರಿಲ್ ಸ್ಟ್ಯಾಂಡ್

ದುಂಡು ಬುಡ, ಎರಡು ಉಕ್ಕಿನ ಕಡ್ಡಿ, ಅದರ ಮೇಲೆ ಜಾರುವ ಚಕ್, ಇದು ಡ್ರಿಲ್ ಗೈಡ್. ಮೇಜಿನ ಹಲಗೆಯ ಯಾವ ಮೂಲೆಗೂ ಒಯ್ಯಬಹುದು. ಬೇರೆ ಬೇರೆ ಅಳತೆಯ ತೂತುಗಳು ಹಲವಿದ್ದರೆ, ಅಥವಾ ಬೇಕೆಂದೇ ಓರೆ ತೂತು ಕೊರೆಯಬೇಕಿದ್ದರೆ, ಮರದ ತುಂಡಿಗಿಂತ ಇದೇ ಅನುಕೂಲ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಅಂಗಡಿಯಲ್ಲೇ ನೋಡಿ ಕೊಳ್ಳುವುದು ಒಳ್ಳೆಯದು, ಏಕೆಂದರೆ ಇದರ ಜೀವ ಇರುವುದು ಜಾರುವ ಬುಷ್‌ನಲ್ಲಿ. ಚಕ್ಕಿಗೆ ನೆಟ್ಟಗಿನ ಕಡ್ಡಿ ಅಥವಾ ಹೊಸ ಬಿಟ್ ಹಾಕಿ, ಸಪಾಟಾದ ಗಾಜಿನ ಮೇಲಿಟ್ಟು, ಪಕ್ಕದಲ್ಲಿ ಮೂಲೆಮಟ್ಟ ಹಿಡಿಯಿರಿ. ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಹಿಡಿಯಿರಿ. ಆಮೇಲೆ ಚಕ್ಕನ್ನು ಬೆರಳಲ್ಲಿ ಪಕ್ಕಕ್ಕೆ ಅಲುಗಿಸಿ. ಅಲುಗಿದರೆ ಅಲ್ಲೇ ಬಿಟ್ಟು ಬನ್ನಿ. ಅಂಥದರಿಂದ ಕೊರೆದರೆ ಬರಿಗೈಗಿಂತ ಕೆಟ್ಟದಾಗುತ್ತದೆ, ಗೈಡ್ ಇದೆ ಎಂಬ ನಂಬಿಕೆಯಿಂದ ನೀವು ಕಣ್ಣಿನಲ್ಲಿ ನೋಡುವುದನ್ನೇ ಬಿಟ್ಟಿರುತ್ತೀರಿ.

ಕೈ ಡ್ರಿಲ್ಲನ್ನು ಕಚ್ಚಿಸಿ ಪ್ರೆಸ್ ಮಾಡಿಕೊಳ್ಳುವ ಸ್ಟ್ಯಾಂಡನ್ನು ದೊಡ್ಡ ಮರದ ಕೆಲಸಕ್ಕೆ ನಾನು ಹೇಳುವುದಿಲ್ಲ. ಅದು ಹಿಡಿಯುವುದು ಡ್ರಿಲ್ಲಿನ ಕುತ್ತಿಗೆಯ 43 ಮಿ.ಮೀ. ಕಾಲರನ್ನು, ಬ್ಯಾಟರಿ ಡ್ರಿಲ್ಲುಗಳಿಗೆ ಸಾಮಾನ್ಯವಾಗಿ ಆ ಕಾಲರೇ ಇರುವುದಿಲ್ಲ. ತೆಳು ಕಂಬ ಒತ್ತಿದಾಗ ಬಾಗುತ್ತದೆ. ದೊಡ್ಡ ಹಲಗೆಯಂತೂ ಅದರ ಕಂಬಕ್ಕೆ ತಾಗಿ ನಿಂತುಬಿಡುತ್ತದೆ.

ಇರುವ ಡ್ರಿಲ್ ಪ್ರೆಸ್ಸಿಗೇ ದೊಡ್ಡ ಮರ

ಮೇಜಿನ ಮೇಲೆ ಕೂರುವ 13 ಮಿ.ಮೀ. ಪ್ರೆಸ್ಸಿನಲ್ಲಿ ಚಕ್ಕಿನಿಂದ ಕಂಬಕ್ಕೆ ಸಾಮಾನ್ಯವಾಗಿ ನಾಲ್ಕೈದು ಇಂಚು, ಒಂದು ಎಳೆತಕ್ಕೆ ಇಳಿಯುವುದು 50-60 ಮಿ.ಮೀ. ಹಲಗೆಯ ಅಂಚಿನ ಹತ್ತಿರದ ತೂತಾದರೆ ಇದರಲ್ಲೂ ಆಗುತ್ತದೆ, ಆದರೆ ಉದ್ದನೆಯ ಮರದ ಇನ್ನೊಂದು ತುದಿಗೆ ಸರಿಯಾಗಿ ಅದೇ ಎತ್ತರದ ಆಸರೆ ಬೇಕು. ಆಸರೆ ಸ್ವಲ್ಪ ತಗ್ಗಿದ್ದರೂ ಮರದ ಭಾರವೇ ಯಂತ್ರದ ಮೇಜನ್ನು ಓರೆ ಮಾಡುತ್ತದೆ. ಕಂಬದ ತುದಿ ಮುಖಕ್ಕೆ ಕೊರೆಯಲು ಇನ್ನೊಂದು ದಾರಿ ಇದೆ. ಯಂತ್ರದ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮೇಜಿನಂಚಿನ ಆಚೆ ಚಾಚಿಸಿ, ಬುಡವನ್ನು ಬೋಲ್ಟಿನಿಂದ ಬಿಗಿದು, ಕಂಬವನ್ನು ನೆಲದ ಮೇಲೆ ನಿಲ್ಲಿಸಿ ತೂಗುಗುಂಡು ನೋಡಿ ಕೊರೆಯುವುದು. ಬುಡ ಬಿಗಿಯದೆ ಇದನ್ನು ಮಾಡಬೇಡಿ, ಯಂತ್ರ ಕಾಲ ಮೇಲೆ ಬೀಳುತ್ತದೆ. ಎರಡಡಿ ಅಗಲದ ಮೇಜಿನ ನಟ್ಟನಡುವಿನ ತೂತಿಗೆ ಪ್ರೆಸ್ ಯಾವ ಉಪಾಯದಿಂದಲೂ ತಲುಪುವುದಿಲ್ಲ.

ರೌಟರ್: ಅಗಲ ಹಲಗೆಗೆ ಎದುರಿಲ್ಲ

ರೌಟರ್ ಎಂದರೆ ಅಂಚಿಗೆ ಡಿಸೈನ್ ತೆಗೆಯುವ ಯಂತ್ರ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಪ್ಲಂಜ್ ರೌಟರ್ ನಿಜಕ್ಕೂ ಕೈಯಲ್ಲಿ ಹೊತ್ತೊಯ್ಯುವ ಡ್ರಿಲ್ ಪ್ರೆಸ್. ಅಂಗೈಯಗಲದ ಬುಡ ಹಲಗೆಯ ಮೈಗೆ ಅಂಟಿ ಕೂರುತ್ತದೆ, ಮೋಟರು ಎರಡು ಕಂಬದ ಮೇಲೆ ನೇರ ಇಳಿಯುತ್ತದೆ, ವಾಲಲು ಜಾಗವೇ ಇಲ್ಲ. ಕೆಲಸದ ಮೇಜಿಗೆ ಗೂಟ ಸಿಕ್ಕಿಸಲು 19 ಅಥವಾ 20 ಮಿ.ಮೀ. ತೂತುಗಳ ಸಾಲು ಬೇಕಿದ್ದಾಗ ನಾನು ಇದನ್ನೇ ಬಳಸಿದೆ. ಪ್ಲೈವುಡ್ಡಿನಲ್ಲಿ ಒಂದು ಮಾದರಿ ಮಾಡಿ, ರೌಟರಿನ ಬುಷ್ ಅದರೊಳಗೆ ಕೂರುವಂತೆ ಇಟ್ಟರೆ ಇಪ್ಪತ್ತು ತೂತುಗಳೂ ಒಂದರ ಪಡಿಯಚ್ಚು. ಗೋಡೆ ಕನ್ನಡಿಯಂತೆ, ಮೇಲಂಚಿನಲ್ಲಿ ಒಂದು ಸಿಬಿರೂ ಇಲ್ಲ.

ಬಿಟ್ ಮಾತ್ರ ಕೇಳಿ ಕೊಳ್ಳಬೇಕು. ತಳದಲ್ಲೂ ಅಲಗು ಇರುವ, ಕೆಳಗಿಳಿಯಬಲ್ಲ ಬಿಟ್ ಬೇಕು, ಸುರುಳಿಯದಾದರೆ ತುರಿಯನ್ನು ಮೇಲೆ ಎಸೆಯುತ್ತದೆ. ಪಕ್ಕದಲ್ಲಷ್ಟೇ ಅಲಗಿರುವುದನ್ನು ನೇರ ಇಳಿಸಿದರೆ ಮರ ಸುಟ್ಟು ಹೊಗೆ ಬರುತ್ತದೆ. ಒಂದು ಸಲಕ್ಕೆ 5-6 ಮಿ.ಮೀ. ಇಳಿಸಿ, ಪೂರ್ತಿ ಮೇಲೆತ್ತಿ, ಮತ್ತೆ ಇಳಿಸಿ. ದಪ್ಪ ಬಿಟ್ಟಿಗೆ ವೇಗ ತಗ್ಗಿಸಿ. ಮಿತಿ ಆಳದ್ದು, 50 ಮಿ.ಮೀ. ಆಚೆ ಇದು ಕೈಕೊಡುತ್ತದೆ. ಅಷ್ಟು ಆಳ ಹೋದ ಮೇಲೆ ಉಳಿದದ್ದನ್ನು ಅದೇ ಅಳತೆಯ ಆಗರ್ ಹಾಕಿ ಮುಗಿಸಬಹುದು, ದಾರಿ ಆಗಲೇ ಆಗಿರುತ್ತದೆ. ಒಂದೇ ಒಂದು ತೂಗುಮಣೆಗೆಂದು ರೌಟರ್ ಕೊಳ್ಳಬೇಡಿ, ಇದ್ದವರು ಮಾತ್ರ ಇದನ್ನು ಬಿಟ್ಟು ಬೇರೆ ನೋಡಬೇಡಿ.

ಎರಡು ಬದಿಯಿಂದ ಕೊರೆಯುವುದು

ಯಾವ ದಾರಿ ಹಿಡಿದರೂ ಇದು ಜೊತೆಗಿರಲಿ. ಎರಡೂ ಬದಿಗೆ ಗುರುತು ಹಾಕಿ ಅರ್ಧರ್ಧ ಕೊರೆದರೆ ಎರಡು ಮುಖದಲ್ಲೂ ತೂತು ಸರಿಯಾದ ಜಾಗದಲ್ಲೇ ಇರುತ್ತದೆ, ವಾಲು ಏನಿದ್ದರೂ ಹೊಟ್ಟೆಯೊಳಗೆ ಸೇರುತ್ತದೆ. ಎರಡೂ ಗುರುತನ್ನು ಒಂದೇ ಅಂಚಿನಿಂದ, ಒಂದೇ ತುದಿಯಿಂದ ಅಳೆಯಬೇಕು. ಒಂದನ್ನು ಎಡ ಅಂಚಿನಿಂದ, ಇನ್ನೊಂದನ್ನು ಬಲ ಅಂಚಿನಿಂದ ಅಳೆದರೆ ಹಲಗೆಯ ಅಗಲದ ಏರುಪೇರೆಲ್ಲ ತೂತಿಗೆ ಬರುತ್ತದೆ. ನಡುವೆ ಸಣ್ಣ ಮೆಟ್ಟಿಲು ಉಳಿದರೆ ದುಂಡು ಅರ ಹಾಕಿ ಉಜ್ಜಿ. ತೆಳು ಹಲಗೆಗೆ, ಬ್ರಾಡ್ ಪಾಯಿಂಟಿನ ಮುಳ್ಳು ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ಮಗುಚಿ, ಆ ಚುಕ್ಕೆಯಿಂದ ಮುಗಿಸಿ, ಸಿಬಿರು ಏಳುವುದಿಲ್ಲ. ಮಗುಚಲಾಗದ ಮರವಾದರೆ ಹಿಂದೆ ಬೇಡದ ಮರದ ತುಂಡೊಂದನ್ನು ಬಿಗಿಯಾಗಿ ಕಟ್ಟಿ.

ಮಂಚದ ಬೋಲ್ಟು

ಮಂಚದ ಕೆಲಸ ಎಲ್ಲಕ್ಕಿಂತ ಕಠಿಣ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲು 75 ಮಿ.ಮೀ. ಚೌಕ, ಅದನ್ನು ದಾಟಿ 8 ಮಿ.ಮೀ. ಬೋಲ್ಟು ಪಕ್ಕದ ಪಟ್ಟಿಯ ತುದಿ ಮುಖದೊಳಗೆ ಹೋಗಿ, 60 ಮಿ.ಮೀ. ಒಳಗಿರುವ ಬ್ಯಾರೆಲ್ ನಟ್ಟನ್ನು, ಎಂದರೆ ಅಡ್ಡ ತೂತಿನಲ್ಲಿ ಕೂರುವ ದುಂಡು ಕಡ್ಡಿಯಂಥ ನಟ್ಟನ್ನು, ಹಿಡಿಯಬೇಕು. ಒಟ್ಟು 135 ಮಿ.ಮೀ. ದಾರಿ. 1 ಡಿಗ್ರಿ ವಾಲಿದರೆ 2.4 ಮಿ.ಮೀ. ತಪ್ಪುತ್ತದೆ, ಬೋಲ್ಟಿಗೆ ನಟ್ಟಿನ ತೂತೇ ಸಿಗುವುದಿಲ್ಲ.

ಇಲ್ಲಿ ಒಂದೇ ದಾರಿಯನ್ನು ನೆಚ್ಚಿ ಕೂರಬಾರದು. ಕಾಲು ಸಣ್ಣದು, ಅದು ಡ್ರಿಲ್ ಪ್ರೆಸ್ಸಿಗೆ ಹೋಗಲಿ, ಎರಡು ಬದಿಯಿಂದ 8 ಮಿ.ಮೀ. ತೂತು ಆಗಲಿ. ಆಮೇಲೆ ಕಾಲನ್ನೂ ಪಟ್ಟಿಯನ್ನೂ ಜೋಡಿಸಿ, ಮೂಲೆಮಟ್ಟ ನೋಡಿ, ಕ್ಲ್ಯಾಂಪಿನಿಂದ ಬಿಗಿಯಿರಿ. ಈಗ ಕಾಲೇ ನಿಮ್ಮ ಗೈಡ್ ತುಂಡು, 75 ಮಿ.ಮೀ. ಎತ್ತರದ್ದು. ಅದರ ಮೂಲಕ 200 ಮಿ.ಮೀ.ಗಿಂತ ಉದ್ದದ ಬಿಟ್ ಹಾಕಿ ಪಟ್ಟಿಯ ತುದಿಗೆ ಕೊರೆಯಿರಿ. ತುದಿ ಮುಖವಾದ್ದರಿಂದ ಸ್ಕ್ರೂ ತುದಿಯ ಆಗರ್ ಬೇಡ. ಮುಗಿದ ಮೇಲೆ ಕಾಲಿನ ತೂತನ್ನು 9 ಮಿ.ಮೀ.ಗೆ ಅಗಲಿಸಿ.

ಬ್ಯಾರೆಲ್ ನಟ್ಟಿನ ಅಡ್ಡ ತೂತನ್ನು ಮೊದಲೇ ಕೊರೆದಿಡುವುದು ರೂಢಿ. ನಾನು ಕೊನೆಗೆ ಕೊರೆಯುತ್ತೇನೆ. ಪಟ್ಟಿಯ ತೂತಿನೊಳಗೆ 8 ಮಿ.ಮೀ.ನ ನೇರ ಕಬ್ಬಿಣದ ಕಡ್ಡಿ ತೂರಿಸಿ, ಅರ್ಧ ಹೊರಗೆ ಉಳಿಯಲಿ. ತೂತು ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ಹೊರಗಿನ ಕಡ್ಡಿ ಅದನ್ನು ತೋರಿಸುತ್ತದೆ. ಕಡ್ಡಿಯ ಗೆರೆಗೆ ಅಳತೆಪಟ್ಟಿ ಇಟ್ಟು ಅದನ್ನೇ ಮರದ ಒಳ ಮುಖದ ಮೇಲೆ ಮುಂದುವರಿಸಿ ಎಳೆಯಿರಿ. ಆ ಗೆರೆಯ ಮೇಲೆ ತುದಿಯಿಂದ 60 ಮಿ.ಮೀ. ಅಳೆದು ಅಡ್ಡ ತೂತು ಕೊರೆದರೆ ನಟ್ಟು ಬೋಲ್ಟಿನ ದಾರಿಯಲ್ಲೇ ಇರುತ್ತದೆ. ಒಳಕ್ಕೆ ಹೊರಕ್ಕೆ ವಾಲಿದ್ದರೆ ಚಿಂತೆಯಿಲ್ಲ, ಬ್ಯಾರೆಲ್ ನಟ್ಟು ತನ್ನ ತೂತಿನಲ್ಲಿ ಹಿಂದೆ ಮುಂದೆ ಜಾರುತ್ತದೆ, ಅದರ ತಲೆಯ ಗೀರಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿ ಹೊಂದಿಸಬಹುದು.

ತೂಗುಮಣೆಗೆ ಕೊನೆಗೆ ನಾನು ಹಿಡಿದದ್ದು ಗೈಡ್ ತುಂಡಿನ ದಾರಿ. ಮತ್ತಿ ಮರದ 60 ಮಿ.ಮೀ. ಎತ್ತರದ ತುಂಡು, ಒಳಗೆ ಲೇತಿನಲ್ಲಿ ಕಡೆದ ಬುಷ್, ಎರಡು ಪಕ್ಕಕ್ಕೆ ರೀಪು. ಗೂಟ ಬಡಿದ ಮೂಲೆಯಲ್ಲಿ ಹಳೆಯ ತೂತಿನಿಂದ ಎರಡಿಂಚು ಒಳಕ್ಕೆ ಸರಿದು ಹೊಸದನ್ನು ಕೊರೆದೆ, ಉಳಿದ ಮೂರನ್ನೂ ಅದೇ ಅಳತೆಗೆ. ನಾಲ್ಕು ವಾಷರುಗಳೂ ಮರಕ್ಕೆ ಮೈಯಂಟಿಸಿ ಕೂತವು. ಮುಚ್ಚಿದ ಗೂಟ ಇವತ್ತಿಗೂ ಮಣೆಯ ಒಂದು ಮೂಲೆಯಲ್ಲಿ ದುಂಡಗೆ ಕಾಣುತ್ತದೆ, ಅದರ ಎಳೆ ಹಲಗೆಯ ಎಳೆಗೆ ಅಡ್ಡವಾಗಿದೆ.